ಬೆಳ್ಳುಳ್ಳಿ ಊರಿಗೆ ಬಂದ ನಮ್ಮತ್ತೆ

ಪಜೀತಿಗಳನ್ನು ನಾವಾಗಿ ಹುಡುಕಿಕೊಂಡು ಹೋದವರಲ್ಲ. ಅವೇ ನಮ್ಮ ಮನೆ ಅಡ್ರೆಸ್ಸು ಕೇಳಿಕೊಂಡು ಬರುತ್ತವೆ. ಡಾಟ್‌ಕಾಮ್ ಕಾಲದಲ್ಲಿ ಗುರುತಿನವರೆಲ್ಲ ಕಂಪ್ಯೂಟರ್ ಕಂಪನಿಗಳ ಊರಾದ ಕ್ಯುಪರ್ಟಿನೋದಲ್ಲಿ ಅಪಾರ್ಟ್‌ಮೆಂಟು ಹಿಡಿದರೆ, ನಮ್ಮನೆಯವರು ಫ್ರೀವೇಯಲ್ಲಿ ದಕ್ಷಿಣಕ್ಕೆ ಹೋಗಿ ಹೋಗಿ, ಗಿಲ್ರಾಯ್ ಅನ್ನೋ ಹೊಲಗಳ ಊರಲ್ಲಿ ಮನೆ ಹಿಡಿದರು. ಹಿತ್ತಲಿದೆ, ನಿಂಬೆಗಿಡ ಇದೆ ಅಂತ ನಾನೂ ಹೂಂ ಅಂದೆ. ಮನೆ ನೋಡಲು ಹೋದದ್ದು ಜನವರಿಯಲ್ಲಿ, ಇಬ್ಬರಿಗೂ ನೆಗಡಿ ಬೇರೆ.

ಅದು ಬೆಳ್ಳುಳ್ಳಿಗೆ ಹೆಸರಾದ ಊರು. ಬೇಸಿಗೆಯಲ್ಲಿ ಬೆಳ್ಳುಳ್ಳಿ ಒಣಗಿಸುವ ಫ್ಯಾಕ್ಟರಿ ಶುರುವಾದರೆ ಊರಿಗೂರೇ ಒಗ್ಗರಣೆ ವಾಸನೆ ಹೊಡೆಯುತ್ತದೆ. ನನಗೇನೂ ಬೇಜಾರಿಲ್ಲ, ಹಾಸನದ ನಮ್ಮ ತೌರಲ್ಲಿ ಬೆಳ್ಳುಳ್ಳಿ ಬೀಳದೆ ಸಾರು ಇಳಿಯುತ್ತಿರಲಿಲ್ಲ. ಆದರೆ ನಮ್ಮತ್ತೆ ಮೈಸೂರಿನವರು, ಮಹಾ ಮಡಿ. ಬೆಳ್ಳುಳ್ಳಿ ತಿನ್ನುವುದು ಹಾಗಿರಲಿ, ಅದರ ಹೆಸರನ್ನೂ ಬಾಯಲ್ಲಿ ಎತ್ತುವವರಲ್ಲ. "ಅದು" ಅನ್ನುತ್ತಾರೆ, ಅಷ್ಟೆ.

೧. ಹೊಲ ಎಲ್ಲಿ?

ಪಕ್ಕದ ಮನೆಯಲ್ಲಿ ಬೆಳ್ಳುಳ್ಳಿ ಬೆಳೆಯುವ ತಾತ ಒಬ್ಬ ಇದ್ದ. ನಮ್ಮನೆಯವರ ಕಂಪನಿ ಏನು ಮಾಡುತ್ತದೆ ಅಂತ ಒಂದು ದಿನ ಬೇಲಿಯಾಚೆಯಿಂದ ವಿಚಾರಿಸಿದ. ಇಂಟರ್ನೆಟ್ಟಲ್ಲಿ ತರಕಾರಿ ಮಾರುತ್ತೇವೆ ಅಂತ ಇವರು ಎದೆ ಉಬ್ಬಿಸಿಕೊಂಡು ಹೇಳಿದರು. ತಾತನಿಗೆ ಖುಷಿಯಾಯಿತು, ತನ್ನ ಕಸುಬಿನವನೇ ಸಿಕ್ಕಿದ ಅಂತ. ಹೊಲ ಎಲ್ಲಿ ಅಂದ. ಹೊಲ ಇಲ್ಲ ಅಂದರು. ಲಾರಿ? ಅದೂ ಇಲ್ಲ. ಹೋಗಲಿ, ಇಲ್ಲಿಯವರೆಗೆ ಎಷ್ಟು ತರಕಾರಿ ಮಾರಿದ್ದೀರಿ ಅಂದ. ವೆಬ್‌ಸೈಟು ಇನ್ನೂ ತಯಾರಾಗುತ್ತಿದೆ ಅಂದರು.

ತಾತ ಒಳಗೆ ಹೋದ. ಆಮೇಲೆ ಒಂದು ಬುಟ್ಟಿ ಹುರುಳಿಕಾಯಿ ತಂದು ನನ್ನ ಕೈಗಿಟ್ಟು, ಬಸುರಿನ ಹೊಟ್ಟೆ ಕಡೆ ನೋಡಿ, ಗಂಡನಿಗೆ ಕೆಲಸ ಸಿಗೋವರೆಗೂ ಸಂಕೋಚಪಡಬೇಡಮ್ಮ, ಬಂದು ಕೇಳು ಅಂದ.

೨. ಯಾರ ಮನೆ ಮದುವೆ?

ನನಗಾಗ ಎಂಟು ತಿಂಗಳು. ನಮ್ಮಮ್ಮನಿಗೆ ವೀಸಾ ಸಿಗಲಿಲ್ಲ. ಬಾಣಂತನಕ್ಕೆ ಅಂತ ಇದ್ದವರು ಅತ್ತೆ ಒಬ್ಬರೇ. ಎಳೇ ಮಗುವನ್ನು ಎತ್ತಿಕೊಳ್ಳುವುದಕ್ಕೂ ನನಗೆ ಬರುತ್ತಿರಲಿಲ್ಲ, ಇನ್ನು ಎರೆಯುವುದೆಲ್ಲಿ ಬಂತು. ಅತ್ತೆ ಬರುತ್ತಾರಲ್ಲ ಅಂತ ಜೀವ ಹಿಡಿದುಕೊಂಡಿದ್ದೆ. ಅವರು ಬಂದಿಳಿದದ್ದು ಸರಿಯಾಗಿ ಜುಲೈ ತಿಂಗಳಲ್ಲಿ, ಇಲ್ಲಿಯ ನಡುಬೇಸಿಗೆಯಲ್ಲಿ.

ಏರ್‌ಪೋರ್ಟಿನಿಂದ ಬರುವಾಗ ನಮ್ಮನೆಯವರು ಕಾರಿನ ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿದ್ದರು. ಉಪಯೋಗವಾಗಲಿಲ್ಲ. ಊರು ಇನ್ನೂ ನಾಲ್ಕು ಮೈಲಿ ಇರುವಾಗಲೇ ಅತ್ತೆ ಮೂಗು ಅರಳಿಸಿ, ಯಾರ ಮನೆಯಲ್ಲೋ ಅದರ ಒಗ್ಗರಣೆ ಹಾಕುತ್ತಿದ್ದಾರೆ ಅಂದರು. ಇರಬಹುದಮ್ಮ ಅಂದರು ಇವರು. ಎರಡು ಮೈಲಿ ಕಳೆದ ಮೇಲೆ ಅತ್ತೆ, ದೊಡ್ಡ ಮದುವೆ ಇರಬೇಕು ಅಂದರು. ಇವರು ರೇಡಿಯೋ ಹಾಕಿದರು. ಮನೆ ಮುಂದೆ ಇಳಿದು ನಿಂತವರೇ ಅತ್ತೆ ಸೆರಗನ್ನು ಮೂಗಿಗೆ ಒತ್ತಿಕೊಂಡು ನನ್ನ ಕಡೆ ತಿರುಗಿದರು.

"ಮದುವೆ ನಮ್ಮ ಮನೇದೇ ಏನೇ?"

೩. ಬಾಗಿಲಿಗೆ ಕಟ್ಟಿದ್ದು

ಮಾರನೇ ಬೆಳಿಗ್ಗೆ ಅತ್ತೆ ಸ್ನಾನ ಮುಗಿಸಿ, ರಂಗೋಲಿ ಬಟ್ಟಲು ಹಿಡಿದು ಮುಂಬಾಗಿಲು ತೆಗೆದರು. ಬಾಗಿಲಲ್ಲಿ ಒಂದು ಮಾರುದ್ದದ ಬೆಳ್ಳುಳ್ಳಿ ಜಡೆ ನೇತಾಡುತ್ತಿತ್ತು, ತುದಿಗೆ ಕೆಂಪು ಟೇಪು ಬೇರೆ. ಊರಿಂದ ಹಿರಿಯರು ಬಂದಿದ್ದಾರೆ ಅಂತ ಪಕ್ಕದ ಮನೆಯ ತಾತ ಪ್ರೀತಿಯಿಂದ ಕಟ್ಟಿಹೋಗಿದ್ದ. ಅತ್ತೆ ಕೈಯಿಂದ ಬಟ್ಟಲು ಬಿತ್ತು.

ನಮ್ಮನೆಯವರು ಹಲ್ಲುಜ್ಜುತ್ತಿದ್ದವರು ಓಡಿಬಂದು, ಬಾಯಿಗೆ ಬಂದದ್ದು ಹೇಳಿಬಿಟ್ಟರು: ಇಲ್ಲಿಯ ಪದ್ಧತಿ ಅಮ್ಮ, ದೃಷ್ಟಿಗೆ ಕಟ್ಟುವುದು. ಅತ್ತೆ ಜಡೆಯನ್ನೂ ನನ್ನ ಹೊಟ್ಟೆಯನ್ನೂ ಒಂದೆರಡು ಸಲ ನೋಡಿದರು. ದೃಷ್ಟಿಗೆ ಅಂದಮೇಲೆ ಬಿಚ್ಚಿಸುವ ಹಾಗಿಲ್ಲ, ಅದರ ಕೆಳಗೆ ಓಡಾಡುವ ಹಾಗೂ ಇಲ್ಲ. ಅವತ್ತಿನಿಂದ ನಮ್ಮತ್ತೆ ಗರಾಜಿನ ಬಾಗಿಲಲ್ಲೇ ಓಡಾಡಿದರು. ರಂಗೋಲಿಯನ್ನೂ ಕಾರಿನ ಹಿಂದೆ ಹಾಕಿದರು. ಇವರು ದಿನಾ ಅದರ ಮೇಲೇ ಕಾರು ಹತ್ತಿಸಿಕೊಂಡು ಆಫೀಸಿಗೆ ಹೋಗುತ್ತಿದ್ದರು.

ನಾಲ್ಕನೇ ದಿನ ಅತ್ತೆ ಮಗನನ್ನು ಕೂರಿಸಿಕೊಂಡು ಹೇಳಿದರು: "ದೇವರ ಮುಂದೆ ಕೂತ್ರೂ ಅದೇ ವಾಸನೆ ಕಣೋ. ನನ್ನ ಕೈಲಾಗಲ್ಲ. ವಾಪಸ್ ಕಳಿಸಿಬಿಡು." ಮುಂದಿನ ಸೋಮವಾರಕ್ಕೆ ಟಿಕೆಟ್ಟು ಸಿಕ್ಕಿತು. ನಾನು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಇವರು ಬಾಗಿಲು ತಟ್ಟಿ, ಮಗು ಎರೆಯುವುದು ಹೇಗೆ ಅಂತ ಇಂಟರ್ನೆಟ್ಟಲ್ಲಿ ನೋಡೋಣ ಬಿಡೇ ಅಂದರು.

೪. ರಜಾ ದಿನ

ಅದೇ ವಾರ ಅತ್ತೆ ಊಟವನ್ನು ಹಿತ್ತಿಲಿಗೆ ಬದಲಾಯಿಸಿದರು. ಒಳಗೆ ವಾಸನೆ ಕಟ್ಟಿಕೊಳ್ಳುತ್ತದೆ, ಹೊರಗಾದರೆ ಗಾಳಿಗೆ ಹೊರಟುಹೋಗುತ್ತದೆ ಅನ್ನುವುದು ಅವರ ಲೆಕ್ಕ. ನಿಂಬೆಗಿಡದ ಪಕ್ಕ ಕುರ್ಚಿ ಹಾಕಿಕೊಂಡು, ಫ್ಯಾಕ್ಟರಿ ಕಡೆ ಮುಖ ಮಾಡಿ ಕೂರುತ್ತಿದ್ದರು. ಮೊದಲ ದಿನ ಒಂದು ಹಿಡಿ ಸಾರನ್ನ ತಿಂದರು. ಮಾರನೇ ದಿನ ಎರಡನೇ ಸಲ ಬಡಿಸಿಕೊಂಡರು. ಶುಕ್ರವಾರ ಸಾರಿನ ಪಾತ್ರೆಯನ್ನೇ ಹೊರಗೆ ತರಿಸಿಕೊಂಡರು. ಈ ಊರಿನ ನೀರಿಗೆ ಹಸಿವು ಜಾಸ್ತಿ ಅಂದರು. ನಾನು ಇನ್ನೊಂದು ಸೌಟು ಬಡಿಸಿದೆ.

ಭಾನುವಾರ ಸೂಟ್‌ಕೇಸು ಕಟ್ಟಿ ಆಯಿತು. ಮಧ್ಯಾಹ್ನ ಎಂದಿನಂತೆ ತಟ್ಟೆ ಹಿಡಿದು ಹಿತ್ತಿಲಲ್ಲಿ ಕೂತರು. ಒಂದು ತುತ್ತು ತಿಂದರು. ತಲೆ ಎತ್ತಿ ಗಾಳಿ ಮೂಸಿದರು. ಇನ್ನೊಂದು ತುತ್ತು ಕಲಸಿ ಹಾಗೇ ಬಿಟ್ಟರು. ಉಪ್ಪು ಕಮ್ಮಿಯಾಯಿತಾ ಅತ್ತೆ ಅಂತ ಕೇಳಿದೆ. ಇಲ್ಲ, ಯಾಕೋ ಸಪ್ಪೆ ಅಂದರು. ಕುರ್ಚಿಯನ್ನು ಸ್ವಲ್ಪ ಆ ಕಡೆ ತಿರುಗಿಸಿ ನೋಡಿದರು. ಕೊನೆಗೆ ನನ್ನ ಮುಖ ನೋಡದೆ ಕೇಳಿದರು:

"ಇವತ್ತು ಅವರಿಗೆ ರಜಾನಾ?"

"ಭಾನುವಾರ ಅಲ್ವಾ ಅತ್ತೆ. ನಾಳೆ ಬೆಳಿಗ್ಗೆ ಫ್ಯಾಕ್ಟರಿ ಮತ್ತೆ ಶುರು ಮಾಡ್ತಾರೆ. ಅಷ್ಟೊತ್ತಿಗೆ ನೀವು ವಿಮಾನದಲ್ಲಿರ್ತೀರಿ."

ಅತ್ತೆ ತಟ್ಟೆಯಲ್ಲಿ ಬೆರಳಾಡಿಸಿದರು.

"ಚೊಚ್ಚಲ ಬಸುರೀನ ಬಿಟ್ಟು ಹೋದ್ರೆ ನೋಡಿದವರು ಏನಂದಾರು. ಟಿಕೆಟ್ ಕ್ಯಾನ್ಸಲ್ ಮಾಡ್ಸು ಅಂತ ಹೇಳೇ ಅವನಿಗೆ."

ನನಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. ಆದರೂ ನಾಲಿಗೆ ಸುಮ್ಮನಿರಬೇಕಲ್ಲ. ಮತ್ತೆ ಆ ವಾಸನೆ ಅತ್ತೆ, ಅಂದೆ.

"ತಿಂದ್ರೆ ತಾನೇ ದೋಷ? ಉಸಿರಾಡೋದಕ್ಕೆಂಥ ಮಡಿ," ಅಂದು ಕೈ ತೊಳೆಯಲು ಎದ್ದರು. ಎರಡು ಹೆಜ್ಜೆ ಹೋಗಿ ತಿರುಗಿ ನಿಂತರು. "ನಾಳೆಯಿಂದ ಹನ್ನೊಂದಕ್ಕೇ ಬಡಿಸಿಬಿಡು. ಆಗ ಗಾಳಿ ಚೆನ್ನಾಗಿರುತ್ತೆ."