ಹೊಲದ ಗುಡಿಸಲಿಗೆ ಫ್ಯಾನ್ ಹಾಕಿಸಿದ್ದು

ಬಳ್ಳಾರಿಯವರಿಗೆ ಬಿಸಿಲಿನ ಬಗ್ಗೆ ಪಾಠ ಹೇಳಲು ಹೊರಡುವವನನ್ನು ಏನೆನ್ನಬೇಕೋ ನನಗೆ ತಿಳಿಯದು. ಮೂವತ್ತು ವರ್ಷ ಅದನ್ನೇ ಹೇಳಿ ಸಂಬಳ ತೆಗೆದುಕೊಂಡ ವಿಜ್ಞಾನದ ಮೇಷ್ಟ್ರು ನಾನು. ನಿವೃತ್ತಿಯಾದರೂ ಚಟ ಬಿಟ್ಟಿಲ್ಲ. ತರಕಾರಿ ಮಾರುವವನಿಗೆ ತಕ್ಕಡಿ ನೋಡುತ್ತಲೇ ಗುರುತ್ವಾಕರ್ಷಣೆ ವಿವರಿಸುತ್ತೇನೆ. ನಾನು ಬೇಗ ತೊಲಗಲೆಂದು ಅವನು ಎರಡು ಬದನೆಕಾಯಿ ಹೆಚ್ಚು ಹಾಕಿದ್ದೂ ಉಂಟು.

ಬಾದನಹಟ್ಟಿಯ ನಮ್ಮ ಹೊಲದಲ್ಲಿ ತಗಡು ಹೊದಿಸಿದ ಒಂದು ಗುಡಿಸಲಿದೆ. ಕರೆಂಟಿನ ಕಂಬ ಅಲ್ಲಿಗೆ ಬಂದಿಲ್ಲ. ಭಾನುವಾರಗಳನ್ನು ಹೆಂಡತಿಯ ಜೊತೆ ಅಲ್ಲಿ ಕಳೆಯಬೇಕೆಂಬುದು ನನ್ನ ಬಹುದಿನದ ಆಸೆ. ಸರೋಜ ಮಾತ್ರ ಸತ್ಯನಾರಾಯಣಪೇಟೆಯ ಮನೆಯ ಫ್ಯಾನಿನ ಕೆಳಗಿಂದ ಕದಲುವವಳಲ್ಲ. "ಒಮ್ಮಿ ಬರ್ತೀನಿ. ಅಲ್ಲಿ ಫ್ಯಾನ್ ತಿರುಗಲಿಲ್ಲಂದ್ರ ಇನ್ನ ನನ್ನ ಮುಂದ ಹೊಲದ ಹೆಸರು ಎತ್ತಬ್ಯಾಡ್ರಿ" ಎಂದಳು.

ಹಾಗಾಗಿ ಸೋಲಾರ್ ಹಾಕಿಸಿದೆ. ತಗಡಿನ ಮೇಲೆ ಪ್ಯಾನೆಲ್ಲು, ಒಳಗೆ ಬ್ಯಾಟರಿ, ಒಂದು ಫ್ಯಾನು. ಹಾಕಲು ಬಂದ ಮೆಕ್ಯಾನಿಕ್ ಖಾಜಾನಿಗೆ ಕೈ ಆಡಿಸಲು ಬಿಡದೆ ಪಾಠ ಮಾಡಿದೆ. ಹೊಲ ನೋಡಿಕೊಳ್ಳುವ ಹನುಮಕ್ಕನಿಗೂ ಸೂರ್ಯನಿಂದ ಹಿಡಿದು ಎಲೆಕ್ಟ್ರಾನಿನವರೆಗೆ ಎಲ್ಲ ವಿವರಿಸಿದೆ. ಆಕೆ ಕಳೆ ಕೀಳುವುದನ್ನು ಬಿಟ್ಟು ಮುಕ್ಕಾಲು ಗಂಟೆ ನಿಂತು ಕೇಳಿ, "ಒಟ್ಟು ಅದರ ಮ್ಯಾಲೆ ಬಿಸಿಲು ಚಲೋ ಬೀಳತೈತಿ ಅನ್ರಿ" ಎಂದಳು. ನನ್ನ ಪಾಠದ ಸಾರವನ್ನು ಯಾವ ವಿದ್ಯಾರ್ಥಿಯೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲವೆಂದು ಹಿಗ್ಗಿಹೋದೆ.

ಹದಿನೈದು ದಿನ ಬಿಟ್ಟು ಸರೋಜಳನ್ನು ಕರೆದುಕೊಂಡು ಹೋದೆ. ಮಟಮಟ ಮಧ್ಯಾಹ್ನ. ಸ್ವಿಚ್ ಹಾಕಿದೆ. ಫ್ಯಾನು ಎರಡು ಸುತ್ತು ತಿರುಗಿ ನಿಂತುಬಿಟ್ಟಿತು. ಸರೋಜ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ನನ್ನನ್ನೇ ನೋಡಿದಳು. ವೈರು ಕಿತ್ತೆ, ಸಿಕ್ಕಿಸಿದೆ, ಮತ್ತೆ ಕಿತ್ತೆ. ಬೆವರು ಕಣ್ಣಿಗೆ ಇಳಿದು ಮೈಯೆಲ್ಲ ಉರಿಯಿತು. ಖಾಜಾನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಅವನು ತಣ್ಣಗೆ, "ಸರ್, ಮೊದ್ಲು ಮ್ಯಾಲೆ ಹತ್ತಿ ಪ್ಯಾನೆಲ್ ನೋಡ್ರಿ" ಎಂದ. ನನಗೇ ಪಾಠ! ಫೋನ್ ಕುಕ್ಕಿ, ಗೊಣಗುತ್ತ ಏಣಿ ಹತ್ತಿದೆ.

ಪ್ಯಾನೆಲ್ಲಿನ ಮೇಲೆ ಹಳೆಯ ಸೀರೆ ಹಾಸಿ, ನಾಲ್ಕೂ ಮೂಲೆ ಬಿಗಿದು, ಅದರ ತುಂಬ ಕೆಂಪು ಮೆಣಸಿನಕಾಯಿ ಹರವಿತ್ತು.

"ಹನುಮಕ್ಕಾ!" ಎಂದು ಕಿರುಚಿದೆ.

ಆಕೆ ಓಡಿಬಂದು, "ನೆಲಕ್ಕ ಹಾಕಿದ್ರ ಕೋಳಿ ಕೆದರ್ತಾವ್ರೀ ಸರ. ಬಿಸಿಲು ಚಲೋ ಬೀಳೋ ಜಾಗ ಇದ ಅಂತ ನೀವ ಹೇಳಿದ್ರಲ್ರಿ?" ಎಂದಳು.

ಹೇಳಿದ್ದು ನಿಜ. ಎಲೆಕ್ಟ್ರಾನಿನ ಗಡಿಬಿಡಿಯಲ್ಲಿ, ಮೇಲೆ ಏನೂ ಹರವಬೇಡ ಎಂಬ ಒಂದೇ ಒಂದು ಮಾತು ಬಿಟ್ಟುಹೋಗಿತ್ತು. ಹಲ್ಲು ಕಡಿಯುತ್ತ ಸೀರೆಯ ಗಂಟಿಗೆ ಕೈ ಹಾಕಿದೆ.

"ತಡೀರಿ, ಮುಟ್ಟಬ್ಯಾಡ್ರಿ!" ಎಂದಳು ಕೆಳಗಿನಿಂದ ಸರೋಜ. ಒಂದು ಕಾಯಿ ಕೇಳಿ ಇಸಿದುಕೊಂಡು ಮುರಿದು ನೋಡಿದಳು. "ಎಷ್ಟು ಗರಿಗರಿ ಆಗ್ಯಾವ! ನಮ್ಮ ಮಾಳಿಗಿ ಮ್ಯಾಲೆ ಬರೇ ಧೂಳು. ಮುಂದಿನ ಐತಾರ ಸಂಡಿಗಿ ಹಿಟ್ಟು ತರ್ತೀನಿ."

"ಮತ್ತ ಫ್ಯಾನು?"

"ಬೇವಿನ ಗಿಡದ ಕೆಳಗ ಗಾಳಿ ಇಲ್ಲೇನು?"

ಅಂದಿನಿಂದ ಸರೋಜ ಒಂದು ಭಾನುವಾರವನ್ನೂ ತಪ್ಪಿಸಿಲ್ಲ. ಅವಳೂ ಹನುಮಕ್ಕನೂ ಬೇವಿನ ನೆರಳಲ್ಲಿ ಕೂತು ಹರಟುತ್ತಾರೆ. ನನ್ನ ಆಸೆ ಈಡೇರಿದೆ. ನನಗೆ ಬರುವ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೋ ಗೊತ್ತಾಗುತ್ತಿಲ್ಲ. ಸುಡುಬಿಸಿಲಲ್ಲಿ ಏಣಿಯ ಮೇಲೆ ನಿಂತು ಸಂಡಿಗೆ ಮಗುಚುವ ಕೆಲಸ ನನ್ನದು. ಕೈ ತಪ್ಪಿದರೆ ಹನುಮಕ್ಕ ನೆರಳಿನಿಂದಲೇ ತಿದ್ದುತ್ತಾಳೆ: "ಹಂಗಲ್ರೀ ಸರ, ಎಷ್ಟ ಸಲ ಹೇಳಬೇಕ್ರಿ ನಿಮಗ?"