ಗೋಡೆಗೆ ಹಾಸಿದ ಹಾಸಿಗೆ

ನಮ್ಮ ಮನೆಯ ಹಾಸಿಗೆಗಳು ಹನ್ನೊಂದು ದಿನದಿಂದ ನಿಂತುಕೊಂಡೇ ಇವೆ. ನಾವು ಮಲಗುತ್ತಿದ್ದೇವೆ, ಬರಿಯ ಮಂಚದ ಮೇಲೆ. ಬೆಳಗ್ಗೆ ಎದ್ದಾಗ ನನ್ನ ಬೆನ್ನಿನ ಮೇಲೆ ಮಂಚದ ಪಟ್ಟಿಗಳ ಗುರುತು ಎಷ್ಟು ಸ್ಪಷ್ಟವಾಗಿ ಮೂಡಿರುತ್ತದೆಂದರೆ ಕಣ್ಣು ಮಂಜಾದವರೂ ಎಣಿಸಬಹುದು. (ಆರು.) ಇದಕ್ಕೆಲ್ಲ ನಾನೇ ಕಾರಣ ಎಂದು ನನ್ನ ಹೆಂಡತಿ ಮೊನ್ನೆಯವರೆಗೂ ಹೇಳುತ್ತಿದ್ದಳು. ಮೊನ್ನೆಯಿಂದ ಹೇಳುತ್ತಿಲ್ಲ. ಅದು ಇನ್ನೂ ಅಪಾಯದ ಲಕ್ಷಣ.

ನಾನು ಮೂವತ್ತೊಂದು ವರ್ಷ ರೈಲು ನಿಲ್ದಾಣದಲ್ಲಿ ಗಾಡಿಗಳು ಬರುವುದನ್ನೂ ಹೋಗುವುದನ್ನೂ ಮೈಕಿನಲ್ಲಿ ಹೇಳುತ್ತಿದ್ದವನು. "ಪ್ರಯಾಣಿಕರ ಗಮನಕ್ಕೆ" ಎಂದು ನಾನು ಅಂದರೆ ನಾಲ್ಕು ಪ್ಲಾಟ್‌ಫಾರಂಗಳ ಜನ ತಲೆಯೆತ್ತುತ್ತಿದ್ದರು. (ಮನೆಯಲ್ಲಿ ಅದೇ ಧ್ವನಿಗೆ ಯಾರೂ ಕತ್ತು ತಿರುಗಿಸುತ್ತಿರಲಿಲ್ಲ, ಆ ವಿಷಯ ಬಿಡಿ.) ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಕಲಿಸಿಕೊಟ್ಟ ಹಿರಿಯರು ಒಂದು ಮಾತು ಹೇಳಿದ್ದರು: "ತಗಡಿನ ಚಾವಣಿ ಕೆಳಗೆ ಮಾತಾಡೋವಾಗ ಅವಸರ ಮಾಡಬೇಡಪ್ಪ. ಹೋದ ಮಾತು ಮನೆಗೆ ಬರಲಿ, ಆಮೇಲೆ ಇನ್ನೊಂದನ್ನ ಕಳಿಸು."

ನಾನು ಹಾಗೆಯೇ ಮಾಡಿದೆ. ಒಂದು ಪದ ಕಳಿಸುತ್ತಿದ್ದೆ. ಅದು ನಾಲ್ಕನೆಯ ಪ್ಲಾಟ್‌ಫಾರಂ ತುದಿಯ ಗೋಡೆಯನ್ನು ಮುಟ್ಟಿ, ಸ್ವಲ್ಪ ಸುಸ್ತಾಗಿ, ನನ್ನ ಕಿವಿಗೆ ಹಿಂತಿರುಗುತ್ತಿತ್ತು. ಆಮೇಲೆ ಮುಂದಿನದು. ಮೂವತ್ತೊಂದು ವರ್ಷದಲ್ಲಿ ನನ್ನ ಒಂದು ಪದವೂ ದಾರಿಯಲ್ಲಿ ಕಳೆದುಹೋಗಲಿಲ್ಲ.

ನಿವೃತ್ತನಾದ ಮರುದಿನವೇ ನನ್ನ ಕುರ್ಚಿಗೆ ಒಂದು ಯಂತ್ರ ಬಂತು. ಅದಕ್ಕೆ ನೆಗಡಿಯಾಗುವುದಿಲ್ಲವಂತೆ. ಎರಡು ವರ್ಷ ನಾನು ಸುಮ್ಮನಿದ್ದೆ. ಆಗ ಬಂತು ಆ ಪತ್ರ. ಪುಸ್ತಕಗಳನ್ನು ಓದಿಸಿ ಕೇಳುಗರಿಗೆ ತಲುಪಿಸುವ ಒಂದು ಸಂಸ್ಥೆಗೆ ಹೊಸ ಧ್ವನಿ ಬೇಕಾಗಿತ್ತು. ಒಂದು ಕಾದಂಬರಿಯ ಮೊದಲ ಅಧ್ಯಾಯವನ್ನು ಮನೆಯಲ್ಲೇ ಓದಿ, ಧ್ವನಿಮುದ್ರಿಸಿ, ಶನಿವಾರ ಸಂಜೆಯೊಳಗೆ ಕಳಿಸಬೇಕು. ಹಿಡಿಸಿದರೆ ಇಡೀ ಕಾದಂಬರಿ ನನ್ನದು. ಕೊನೆಯಲ್ಲಿ ಒಂದು ಷರತ್ತು: "ಕೋಣೆಯ ಪ್ರತಿಧ್ವನಿ ಕೇಳಿಸಕೂಡದು." ಈ ಅವಕಾಶ ತಪ್ಪಿದರೆ ನನ್ನ ಕಂಠಕ್ಕೆ ಈ ಜನ್ಮದಲ್ಲಿ ಉಳಿಯುವುದು ಸೊಪ್ಪು ತಾಜಾ ಇದೆಯೇ ಎಂದು ಕೇಳುವ ಕೆಲಸವೊಂದೇ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಮನೆಯಲ್ಲಿ ರಸ್ತೆಯ ಸದ್ದು ಕೇಳಿಸದ ಜಾಗವೆಂದರೆ ನೆಲಮಾಳಿಗೆ. ಆದರೆ ಅದು ಇಪ್ಪತ್ತು ವರ್ಷದಿಂದ ನನ್ನ ಹೆಂಡತಿಯ ಸಾಮ್ರಾಜ್ಯ. ಅವಳು ಪರದೆ, ದಿಂಬಿನ ಚೀಲ, ಸೋಫಾ ಕವರು ಹೊಲಿದುಕೊಡುತ್ತಾಳೆ. ಹೊಲಿಗೆ ಯಂತ್ರ, ಬಟ್ಟೆಯ ಸುರುಳಿಗಳು, ಗುಂಡಿ ಡಬ್ಬಗಳು, ಎಲ್ಲ ಅಲ್ಲಿಯೇ.

"ಒಂದೇ ಒಂದು ವಾರ," ಎಂದೆ. "ನಿನ್ನ ಯಂತ್ರವನ್ನ ಮೇಲೆ, ಮೆಟ್ಟಿಲ ಹತ್ತಿರ ಇಟ್ಕೊಂಡ್ರೆ ಆಯ್ತು."

"ಯಾಕ್ರೀ, ಮೇಲೆ ಕೂತು ಓದಿದ್ರೆ ಪುಸ್ತಕ ಕೋಪ ಮಾಡ್ಕೊಳುತ್ತಾ?"

"ಧ್ವನಿಮುದ್ರಣಕ್ಕೆ ಪರಿಪೂರ್ಣ ನಿಶ್ಶಬ್ದ ಬೇಕು."

"ಅದಕ್ಕೆ ನೆಲಮಾಳಿಗೆ ಯಾಕೆ? ನೀವು ಬಾಯಿ ಮುಚ್ಚಿದ್ರೆ ಇಡೀ ಮನೆ ನಿಶ್ಶಬ್ದವಾಗುತ್ತೆ."

ಆದರೂ ಯಂತ್ರ, ಸುರುಳಿ, ಡಬ್ಬ, ಎಲ್ಲ ಮೇಲೆ ಹೋದವು. ಹೊತ್ತವನು ನಾನು. ಅವಳು ಹಿಂದಿನಿಂದ ಸೂಜಿ ಹಿಡಿದುಕೊಂಡು ಬಂದಳು.

ಭಾನುವಾರ ನನ್ನ ಭಾವಮೈದುನ, ಹೆಂಡತಿಯ ತಮ್ಮ, ಬಂದ. ಅವನು ಸಭೆ ಸಮಾರಂಭಗಳಿಗೆ ಮೈಕು, ಸ್ಪೀಕರು ಹಾಕಿಕೊಡುವವನು, ಆದ್ದರಿಂದ ಸದ್ದಿನ ವಿಷಯದಲ್ಲಿ ನಮ್ಮ ವಂಶಕ್ಕೇ ಪಂಡಿತ. ಖಾಲಿ ನೆಲಮಾಳಿಗೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದ. ಅದು 'ಟಂಯ್ಯ್' ಎಂದು ಗೋಡೆಯಿಂದ ಗೋಡೆಗೆ ಓಡಾಡಿತು. ನನಗೆ ಹಳೆಯ ಗೆಳೆಯನನ್ನು ಕಂಡಂತಾಯಿತು.

"ಇದನ್ನ ಸಾಯಿಸ್ಬೇಕು ಭಾವ," ಎಂದ ಅವನು.

ಗೋಡೆಯ ಯಾವ ಜಾಗಕ್ಕೆ ಮೆತ್ತನೆಯದನ್ನು ಹೊದಿಸಬೇಕು ಎಂದು ಕಂಡುಹಿಡಿಯಲು ಅವನ ಬಳಿ ಒಂದು ಶಾಸ್ತ್ರೋಕ್ತ ವಿಧಾನವಿತ್ತು. ಬಚ್ಚಲುಮನೆಯ ಕನ್ನಡಿಯನ್ನು ಬಿಚ್ಚಿ ತಂದ. ಮೈಕ್ ಇಡುವ ಜಾಗದಲ್ಲಿ ಅಕ್ಕನನ್ನು ಕೂರಿಸಿದ. ಓದುವ ಜಾಗದಲ್ಲಿ ನನ್ನನ್ನು, ಬಾಯಿ ತೆರೆದುಕೊಂಡು.

"ಅಕ್ಕ, ನಾನು ಈ ಕನ್ನಡೀನ ಗೋಡೆ ಮೇಲೆ ಸರಿಸ್ತಾ ಹೋಗ್ತೀನಿ. ಭಾವನ ಬಾಯಿ ಇದರಲ್ಲಿ ಎಲ್ಲಿ ಕಾಣಿಸುತ್ತೋ ಅಲ್ಲಿಂದಾನೇ ಸದ್ದು ಬಡಿದು ಮೈಕಿಗೆ ಬರೋದು. ಅಲ್ಲಿ ಮಾತ್ರ ಹೊದಿಸಿದ್ರೆ ಸಾಕು. ಇಲ್ಲಿ?"

"ಕಾಣಿಸ್ತು."

"ಇಲ್ಲಿ?"

"ಇಲ್ಲೂ ಕಾಣಿಸ್ತು."

"ಇಲ್ಲಿ?"

"ಹೂಂ, ಕಾಣಿಸ್ತು."

"ಅಕ್ಕ, ಇದು ಬಾಗಿಲ ಹಿಂದಿನ ಗೋಡೆ."

"ಮೂವತ್ತು ವರ್ಷದಿಂದ ನಂಗೆ ಯಾವ ಕಡೆ ತಿರುಗಿದ್ರೂ ಆ ಬಾಯೇ ಕಾಣ್ತಿದೆ ಕಣೋ. ನೀನು ಎಲ್ಲಿ ಬೇಕಾದ್ರೂ ಹೊದಿಸು."

ಅವಳ ಈ ಸಾಕ್ಷ್ಯವನ್ನೇ ಆಧರಿಸಿ ನಾಲ್ಕೂ ಗೋಡೆಗಳನ್ನು ಮುಚ್ಚಲಾಯಿತು ಎಂಬುದನ್ನು ದಯವಿಟ್ಟು ಗಮನಿಸಬೇಕು. ನಮ್ಮ ಎರಡು ಹಾಸಿಗೆ, ನೆಂಟರ ಎರಡು ಹಾಸಿಗೆ, ಏಳು ಕಂಬಳಿ, ಚಳಿಗಾಲದ ಕೋಟುಗಳು. ಮೂಲೆಗಳಲ್ಲಿ ದಪ್ಪ ಸದ್ದು ಅವಿತುಕೊಳ್ಳುತ್ತದೆಂದು ಅಲ್ಲಿ ಬಟ್ಟೆಯ ಸುರುಳಿಗಳನ್ನು ನಿಲ್ಲಿಸಿದೆವು. ಚಾವಣಿಗೆ ದಪ್ಪ ರಜಾಯಿ.

"ಬೆನ್ನಿಗಿಲ್ಲದ ಹಾಸಿಗೆ ಗೋಡೆಗೆ," ಎಂದು ಹೆಂಡತಿ ಒಂದು ಹೊಸ ಗಾದೆಯನ್ನು ಭಾಷೆಗೆ ದಾನಮಾಡಿ ಮೇಲೆ ಹೋದಳು.

ಭಾವಮೈದುನ ಮತ್ತೆ ಚಪ್ಪಾಳೆ ತಟ್ಟಿದ. ಸದ್ದು ಅವನ ಅಂಗೈಯಲ್ಲೇ ಸತ್ತಿತು. ಹತ್ತಿಯ ಮೂಟೆಗೆ ಗುದ್ದಿದಂತೆ, ಅಷ್ಟೆ.

ಸೋಮವಾರ ಬೆಳಗ್ಗೆ ನಾನು ಬಿಸಿನೀರು ಕುಡಿದು, ಕಂಠ ಸರಿಮಾಡಿಕೊಂಡು, ಮೈಕಿನ ಮುಂದೆ ಕೂತೆ. ಕಾದಂಬರಿ ಸಮುದ್ರತೀರದ ಒಂದು ಮನೆಯ ಕಥೆ. ತಾಯಿಯೊಡನೆ ಜಗಳವಾಡಿದ ಹುಡುಗಿಯೊಬ್ಬಳು ದೋಣಿ ಹತ್ತಿ ಹೊರಟುಹೋಗುತ್ತಾಳೆ. ನಾನು ಶುರುಮಾಡಿದೆ. "ಆಕೆ," ಎಂದೆ. ಕಾದೆ.

ಬರಲಿಲ್ಲ.

ನನ್ನ ಪದ ಹೋದದ್ದು ಹೋಯಿತು. ಯಾವುದೋ ಕೋಟಿನ ಜೇಬಿನಲ್ಲಿ ಬಿದ್ದಿರಬೇಕು. ಅದರ ದಾರಿ ಕಾದು, ಬೇಸತ್ತು, "ದೋಣಿ" ಎಂದು ಇನ್ನೊಂದನ್ನು ಕಳಿಸಿದೆ. ಅದೂ ಹೋಯಿತು. ಆಮೇಲೆ "ಹತ್ತಿದಳು." ಮೂವರು ಮಕ್ಕಳನ್ನು ಕತ್ತಲೆಯ ಬಾವಿಗೆ ಇಳಿಸಿ ಕೂತವನಂತೆ ನಾನು ಕೂತಿದ್ದೆ.

ಸಂಜೆ ಭಾವಮೈದುನ ಕೇಳಿದ. ಕಿವಿಯಿಂದ ಹೆಡ್‌ಫೋನ್ ತೆಗೆದ.

"ಭಾವ, ಹುಡುಗಿ ಒಂದು ಕಾಲು ದೋಣೀಲಿಟ್ಟು ಒಂದು ಕಾಲು ದಡದಲ್ಲಿಟ್ಟು ಅರ್ಧ ಗಂಟೆಯಿಂದ ನಿಂತಿದಾಳೆ. ಯಾಕೆ ಇಷ್ಟೊಂದು ನಿಲ್ಲಿಸ್ತೀರಿ?"

"ವಾಪಸ್ ಬರಲಿ ಅಂತ ಕಾಯ್ತೀನಿ."

"ಏನು?"

"ಮಾತು."

ಅವನು ಅಕ್ಕನ ಮುಖ ನೋಡಿದ. ಅವಳು ಮೆಟ್ಟಿಲ ಮೇಲಿನಿಂದ, ಯಂತ್ರ ತುಳಿಯುವುದನ್ನು ನಿಲ್ಲಿಸದೆ, "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ಇವರಿಗೆ ಗೋಡೆ ಮೆತ್ತಗಾಯ್ತಂತೆ," ಎಂದಳು.

ಮಂಗಳವಾರ ನಾನು ಎರಡು ಹಾಸಿಗೆ ಇಳಿಸಿ ಓದಿದೆ. ಹುಡುಗಿ ದೋಣಿಗೆ ಬದಲಾಗಿ ಹಂಡೆಯೊಳಗೆ ಕೂತಂತೆ ಕೇಳಿಸಿತು. ಹಾಸಿಗೆಗಳು ಮತ್ತೆ ಗೋಡೆ ಹತ್ತಿದವು. ಬುಧವಾರ ಭಾವಮೈದುನ ಒಂದು ಉಪಾಯ ಹೂಡಿದ. ನನ್ನ ಹೆಡ್‌ಫೋನಿನೊಳಗೆ ಮಾತ್ರ ಕೇಳುವಂಥ ಕೃತಕ ಪ್ರತಿಧ್ವನಿ, ಮುದ್ರಣದಲ್ಲಿ ಅದು ಇರುವುದಿಲ್ಲ. ಕಿವಿಗೆ ಹಾಕಿಕೊಂಡು ಒಂದು ಪದ ಅಂದೆ. ಆಹಾ! ತಗಡಿನ ಚಾವಣಿ, ಉದ್ದನೆಯ ಪ್ಲಾಟ್‌ಫಾರಂ, ಎಲ್ಲವೂ ಒಮ್ಮೆಲೇ ಬಂದು ನನ್ನ ಸುತ್ತ ನಿಂತವು. ನಾನು ಕಣ್ಣು ಮುಚ್ಚಿ ಒಂದು ಪುಟವನ್ನು ಹೊಳೆಯಂತೆ ಓದಿಬಿಟ್ಟೆ. ಕಣ್ಣು ತೆರೆದಾಗ ಭಾವಮೈದುನ ಗೋಡೆಯ ಹಾಸಿಗೆಯಲ್ಲಿ ಮುಖವಿಟ್ಟುಕೊಂಡು ಅಲುಗಾಡುತ್ತಿದ್ದ. ಮುದ್ರಿಸಿದ್ದನ್ನು ಹಾಕಿ ಕೇಳಿಸಿದ. ನನ್ನದೇ ಧ್ವನಿ, ಗಂಭೀರವಾಗಿ, ಸ್ಪಷ್ಟವಾಗಿ:

"ದಯವಿಟ್ಟು ಗಮನಿಸಿ. ತಾಯಿಯೊಡನೆ ಜಗಳವಾಡಿ ಹೊರಟ ಹುಡುಗಿಯ ದೋಣಿ ನಲವತ್ತು ನಿಮಿಷ ತಡವಾಗಿ ಹೊರಡಲಿದೆ. ಆಗುವ ಅನನುಕೂಲಕ್ಕೆ ವಿಷಾದಿಸುತ್ತೇವೆ."

ಗುರುವಾರ ನಾನು ಓದಲಿಲ್ಲ. ಕೋಟುಗಳ ನಡುವೆ ಸುಮ್ಮನೆ ಕೂತಿದ್ದೆ. ಆ ನಿಶ್ಶಬ್ದದಲ್ಲಿ ನನ್ನ ರಕ್ತ ಓಡಾಡುವುದೂ ನನಗೆ ಕೇಳಿಸುತ್ತಿತ್ತು. ನಿಲ್ದಾಣಕ್ಕೆ ಯಂತ್ರ ಬಂದ ದಿನ ಕಳೆದುಕೊಂಡದ್ದು ಕೆಲಸ ಮಾತ್ರ ಎಂದುಕೊಂಡಿದ್ದೆ. ನನ್ನ ಅರ್ಧ ಧ್ವನಿ ಆ ನಾಲ್ಕನೆಯ ಪ್ಲಾಟ್‌ಫಾರಂ ಗೋಡೆಯಲ್ಲಿ ಇತ್ತೆಂದು ಈಗ ತಿಳಿಯಿತು.

ಶುಕ್ರವಾರ ಬೆಳಗ್ಗೆ ಹೆಂಡತಿ ಹಸಿರು ದಾರದ ಉಂಡೆ ಹುಡುಕಿಕೊಂಡು ಕೆಳಗೆ ಬಂದಳು. ಮೂಲೆಯ ಸುರುಳಿಗಳ ಹಿಂದೆ ಸಿಕ್ಕಿತು. ಆದರೆ ಅದು ಗೋಜಲಾಗಿತ್ತು. ಬಿಡಿಸಲೆಂದು ಸ್ಟೂಲಿನ ಮೇಲೆ ಕೂತಳು.

"ಏನು, ಇವತ್ತೂ ಓದಲ್ವಾ?"

"ಓದಿ ಏನು ಮಾಡೋದು?"

"ನಾನು ಇದನ್ನ ಬಿಡಿಸೋವರೆಗೂ ಸುಮ್ನೆ ಓದಿ. ಆ ಹುಡುಗಿ ಯಾಕೆ ಜಗಳ ಮಾಡಿದ್ಳು ಅಂತ ಒಂದು ವಾರದಿಂದ ಮೆಟ್ಟಿಲ ಮೇಲೆ ಕೂತು ಕಾಯ್ತಿದೀನಿ. ದೋಣಿ ಹತ್ತಿಸೋದ್ರಲ್ಲೇ ಇದೀರಿ."

ನಾನು ಮೈಕಿನ ಗುಂಡಿ ಒತ್ತಿದೆ, ಅಭ್ಯಾಸಬಲದಿಂದ. "ಆಕೆ ದೋಣಿ ಹತ್ತಿದಳು," ಎಂದೆ.

"ಹೂಂ," ಎಂದಳು ಅವಳು, ದಾರದಿಂದ ಕಣ್ಣೆತ್ತದೆ.

ಕಳಿಸಿದ್ದು ತಲುಪಿತ್ತು. ತಲುಪಿದ ಸುದ್ದಿ ಬಂದಿತ್ತು. ಮುಂದಿನ ವಾಕ್ಯ ತಾನಾಗಿ ಹೊರಟಿತು. "ತಿರುಗಿ ನೋಡಲಿಲ್ಲ."

"ಹೂಂ?"

"ತಾಯಿ ಬಾಗಿಲ ಹಿಂದೆ ನಿಂತಿದ್ದಳು. ಮಗಳು ಕರೆಯಲಿ ಎಂದು ಕಾಯುತ್ತಿದ್ದಳು."

"ಹೂಂ..." ಈ ಸಲದ್ದು ಸಣ್ಣದು, ಒದ್ದೆಯಾದದ್ದು.

ಇಷ್ಟು ಬಗೆಯ ಹೂಂಗಳು ಲೋಕದಲ್ಲಿವೆಯೆಂದು ನನಗೆ ಗೊತ್ತಿರಲಿಲ್ಲ. ನಂಬಿದ ಹೂಂ, ನಂಬದ ಹೂಂ, ಮುಂದೇನೆಂದು ಅಂಗಿ ಹಿಡಿದೆಳೆಯುವ ಹೂಂ, ತಾಯಿಯದೇ ತಪ್ಪು ಎಂದು ತೀರ್ಪು ಕೊಡುವ ಹೂಂ. ಹದಿನಾಲ್ಕು ಪುಟ ಮುಗಿದದ್ದು ತಿಳಿಯಲಿಲ್ಲ. ಅವಳ ಮಡಿಲಲ್ಲಿ ದಾರ ಮೊದಲಿಗಿಂತ ಹೆಚ್ಚು ಗೋಜಲಾಗಿತ್ತು.

ಶನಿವಾರ ಭಾವಮೈದುನನಿಗೆ ಹೇಳಿದೆ. "ಓದು ಹಾಗೇ ಇರಲಿ. ನಡುವೆ ಬರೋ ನಿಮ್ಮಕ್ಕನ ಹೂಂಗಳನ್ನೆಲ್ಲ ಕತ್ತರಿಸಿ ಕಳಿಸಿಬಿಡು. ಇದು ಕಲೆ, ಇದರಲ್ಲಿ ಗೃಹಕೃತ್ಯ ಬೆರೀಬಾರದು." ಅವನು ಆಗಲಿ ಎಂದ. ಅಂದು ಅವನಿಗೆ ಬೇರೆಲ್ಲೋ ಸಭೆಗೆ ಮೈಕು ಹಾಕುವುದಿತ್ತು. ಹೂಂಗಳನ್ನು ಎಣಿಸಿದನಂತೆ. ಇನ್ನೂರ ಆರು. ಕತ್ತರಿಸಲು ಹೊತ್ತಿಲ್ಲವೆಂದು ಹಾಗೆಯೇ ಕಳಿಸಿದನಂತೆ. (ಈ 'ಅಂತೆ'ಗಳೆಲ್ಲ ನನಗೆ ಆಮೇಲೆ ತಿಳಿದವು.)

ಮೊನ್ನೆ, ಮಂಗಳವಾರ, ಸಂಸ್ಥೆಯ ಮೇಲ್ವಿಚಾರಕಿ ಫೋನ್ ಮಾಡಿದರು. ನಾನು ಎದ್ದು ನಿಂತು ಮಾತಾಡಿದೆ.

"ನಿಮ್ಮ ಮುದ್ರಣ ಕೇಳಿದ್ವಿ ಸರ್. ಓದು ಪರವಾಗಿಲ್ಲ."

"ತುಂಬಾ ಸಂತೋಷ ಮೇಡಂ."

"ಆ ಹೂಂ ಅಂತಿರೋರು ಯಾರು?"

"ಅದು... ತಾಂತ್ರಿಕ ದೋಷ ಮೇಡಂ. ತೆಗೆಸಿಬಿಡ್ತೀನಿ."

"ಅಯ್ಯೋ, ತೆಗೀಬೇಡಿ! ಆಫೀಸಿನಲ್ಲಿ ಎಲ್ಲರೂ ಕೆಲಸ ಬಿಟ್ಟು ಕೇಳಿದ್ವಿ. ಪಕ್ಕದಲ್ಲಿ ಯಾರೋ ಕೂತು ಜೊತೆಗೇ ಕೇಳ್ತಿದಾರೆ ಅನ್ಸುತ್ತೆ. ಇಡೀ ಕಾದಂಬರಿಗೆ ಅವರನ್ನ ಒಪ್ಪಿಸಿ ಸರ್. ಅವರು ಒಪ್ಪಿದ್ರೆ ಮುಂದುವರಿಸೋಣ."

"ಮತ್ತೆ... ಓದೋದು?"

ಆ ಕಡೆ ಸ್ವಲ್ಪ ಯೋಚನೆ ನಡೆಯಿತು. "ಓದೋಕೆ ನೀವೇ ಇದ್ರೂ ಆಗುತ್ತೆ," ಎಂದರು.

ಹೆಂಡತಿಗೆ ಹೇಳಿದೆ. ಅವಳು ನಗಲಿಲ್ಲ, ಹಿಗ್ಗಲೂ ಇಲ್ಲ. ಯಂತ್ರ ನಿಲ್ಲಿಸಿ, ದಾರ ಕಡಿದು, ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋಗಿ ಒಂದು ಸುತ್ತು ನೋಡಿದಳು. ಹಾಸಿಗೆಗಳನ್ನು ಇಳಿಸಿಕೊಡುತ್ತೇನೆಂದು ನಾನು ಹಿಂದೆಯೇ ಹೋದೆ.

"ಮುಟ್ಟಬೇಡಿ," ಎಂದಳು. "ಹಾಸಿಗೆ ಇಲ್ಲೇ ಇರಲಿ. ಸದ್ದು ಗುಂಯ್ ಅಂದ್ರೆ ನನ್ನ ಹೂಂ ಕೆಡುತ್ತೆ. ಮಲಗೋಕೆ ಬೇರೆ ತಂದರಾಯ್ತು."

ನಾನು ತಲೆಯಾಡಿಸಿದೆ.

"ನನ್ನ ಯಂತ್ರ ವಾಪಸ್ ಕೆಳಗೆ ಬರ್ಬೇಕು. ನೀವೇ ಹೊರಬೇಕು."

"ಹೂಂ."

"ಬೆಳಗ್ಗೆ ನಿಮ್ಮ ಓದು. ಮಧ್ಯಾಹ್ನದ ಮೇಲೆ ನನ್ನ ಹೊಲಿಗೆ."

"ಹೂಂ."

"ನಾನು ಹೊಲಿಯೋವಾಗ ನೀವು ಈ ಸ್ಟೂಲ್ ಮೇಲೆ ಕೂತ್ಕೊಂಡು ನಾನು ಹೇಳೋದನ್ನ ಕೇಳ್ಬೇಕು."

"ಹೂಂ."

ಅವಳು ಕೈಯೆತ್ತಿ ನನ್ನನ್ನು ತಡೆದಳು. ಆ ಕೋಣೆಯಲ್ಲಿ ಯಾವ ಸದ್ದೂ ಬಚ್ಚಿಟ್ಟುಕೊಳ್ಳಲಾರದು. ನಾನೇ ಹಾಗೆ ಮಾಡಿಸಿದ್ದೆ.

"ಇದು ಕೇಳಿಸ್ಕೊಂಡ ಹೂಂ ಅಲ್ಲ," ಎಂದಳು. "ಇದು ತಪ್ಪಿಸ್ಕೊಳ್ಳೋ ಹೂಂ. ಮೂವತ್ತು ವರ್ಷದಿಂದ ಇದನ್ನೇ ಕೇಳ್ತಿದೀನಿ, ನಂಗೆ ಗೊತ್ತಾಗಲ್ವಾ? ಇನ್ನೊಂದ್ಸಲ ಹೇಳಿ."

ಮೂವತ್ತೊಂದು ವರ್ಷ ಮೈಕಿನ ಮುಂದೆ ಕೂತವನು ನಾನು. ಹೇಳಿದೆ. ಅವಳು ತಲೆಯಲ್ಲಾಡಿಸಿದಳು. ಮತ್ತೆ ಹೇಳಿದೆ. ಅಲ್ಲವೆಂದಳು. ಏಳನೆಯ ಸಲಕ್ಕೆ ನನ್ನ ಮುಖವನ್ನೇ ನೋಡುತ್ತ, "ಪರವಾಗಿಲ್ಲ," ಎಂದಳು.