ಹತ್ತೊಂಬತ್ತನೆಯ ಹೋಳಿಗೆಗೆ ಪಿಟೀಲು ನುಡಿಸಿದವರಿಗೆ

ಬಿಟಿಎಂ ಬಡಾವಣೆ ಎರಡನೇ ಹಂತ,
ಬೆಂಗಳೂರು
ಫೆಬ್ರವರಿ ೨೦೦೪

ಜೆ.ಪಿ. ನಗರದ ರೆಕಾರ್ಡಿಂಗ್ ಸ್ಟುಡಿಯೊ ಒಂದರ ಕೀಬೋರ್ಡಿನೊಳಗೆ, ನಲವತ್ತೊಂಬತ್ತನೆಯ ನಂಬರಿನಲ್ಲಿ ವಾಸವಾಗಿರುವ ಪಿಟೀಲು ಸಮೂಹದವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಸುಖವಾಗಿರುವಿರೆಂದು ನಂಬಿದ್ದೇನೆ. ಸುಖದ ಪರಿಚಯ ತಮಗೆ ಅಷ್ಟಾಗಿ ಇಲ್ಲವೆಂದು ಬಲ್ಲೆನಾದರೂ, ಪತ್ರವನ್ನು ಹೀಗೆಯೇ ಆರಂಭಿಸಬೇಕೆಂದು ಶಾಲೆಯಲ್ಲಿ ಕಲಿಸಿದ್ದಾರೆ. ಒಂದೇ ಒಂದು ಗುಂಡಿ ಒತ್ತಿದರೆ ನಲವತ್ತು ಜನ ಒಟ್ಟಿಗೆ ಕಮಾನು ಎಳೆದು ಬಿಕ್ಕಿದಂತೆ ಕೇಳಿಸುವ ತಮ್ಮ ಪ್ರತಿಭೆಗೆ ಮೊದಲು ಕೈಮುಗಿದು, ಆಮೇಲೆ ನನ್ನ ಗೋಳು ತೋಡಿಕೊಳ್ಳುತ್ತೇನೆ.

ನಾನು ಸಂಗಮೇಶ. ಕೊಪ್ಪಳದ ಕಡೆಯವನು. ವಾರವಿಡೀ ಕೊರಿಯರ್ ಆಫೀಸಿನಲ್ಲಿ ಕೆಲಸ, ಭಾನುವಾರ ಹಾಡು. ತೊಂಬತ್ತಾರರಲ್ಲಿ ನಾನು, ಗಿಟಾರಿನ ಮುತ್ತುರಾಜ, ಹಲಗೆ ಬಡಿಯುವ ಹನಮಂತ ಮತ್ತು ಕೀಬೋರ್ಡಿನ ಸೋಮನಾಥ್ ಸೇರಿ ಬಿಳೇಕಹಳ್ಳಿಯ ಒಂದು ಕಾರ್ ಶೆಡ್ಡಿನಲ್ಲಿ ಬ್ಯಾಂಡು ಕಟ್ಟಿ, ನಮ್ಮವ್ವ ಹುಲಿಗೆವ್ವ ಮದುವೆಗಳಲ್ಲಿ ಹಾಡುತ್ತಿದ್ದ ಬೀಗರ ಹಾಡೊಂದನ್ನು ರಾಕ್ ಮಾಡಿದೆವು. ಊಟಕ್ಕೆ ಕುಳಿತ ಬೀಗತಿಯನ್ನು ರೇಗಿಸುವ ಹಾಡು ಅದು: "ಹದಿನೆಂಟು ಹೋಳಿಗಿ ತಿಂದಾಳ ಬೀಗತಿ, ಹತ್ತೊಂಬತ್ತಕ್ಕ ಕೈ ಒಡ್ಡ್ಯಾಳ." ಜಯನಗರದ ಗಣೇಶನ ಪೆಂಡಾಲಿನಿಂದ ಬನಶಂಕರಿಯ ರಾಜ್ಯೋತ್ಸವದವರೆಗೆ ಏಳು ವರ್ಷ ಆ ಹಾಡಿಗೆ ಕುಣಿಯದ ಕಾಲಿರಲಿಲ್ಲ. ಹಲ್ಲಿನ ಡಾಕ್ಟರೊಬ್ಬರು ಕುಣಿದು ಕನ್ನಡಕ ಕಳೆದುಕೊಂಡು, ಮರುವರ್ಷ ಹೊಸ ಕನ್ನಡಕಕ್ಕೆ ದಾರ ಕಟ್ಟಿಕೊಂಡು ಬಂದಿದ್ದರು.

ಕಳೆದ ವರ್ಷ ಸೋಮನಾಥ್ ಒಂದು ಟಿವಿ ಧಾರಾವಾಹಿಗೆ ಸಂಗೀತ ಕೊಡುವ ಕೆಲಸ ಹಿಡಿದ. ಜನರಿಗೆ ಗೊತ್ತಿರುವ ಹಾಡನ್ನೇ ಸಿನಿಮಾದ ಹಾಗೆ ಭವ್ಯವಾಗಿ ಮಾಡಿಕೊಡಿ ಎಂದು ನಿರ್ದೇಶಕರು ಕೇಳಿದರಂತೆ. ಅವನು ನಮ್ಮ ಹಾಡಿನ ವೇಗವನ್ನು ಕಾಲು ಭಾಗಕ್ಕೆ ಇಳಿಸಿ, ಹಲಗೆಯನ್ನು ಹೊರಗೆ ಕೂರಿಸಿ, ಪದಪದಕ್ಕೂ ನಿಟ್ಟುಸಿರಿಡುವ ಗಾಯಕಿಯೊಬ್ಬರನ್ನು ಕರೆಸಿ, ತಮ್ಮನ್ನು ಒತ್ತಿದ. ನಾನು ಜಗಳಕ್ಕೆ ಹೋದಾಗ ಕೈಮುಗಿದು ಅವನು ಹೇಳಿದ್ದು ಇಷ್ಟೇ: "ಗುರು, ನಾನೇನೂ ಮಾಡ್ಲಿಲ್ಲ. ನಲವತ್ತೊಂಬತ್ತು ಒತ್ತಿದೆ ಅಷ್ಟೆ, ಅದೇ ಅಳೋಕ್ ಶುರು ಮಾಡ್ತು." ಆದ್ದರಿಂದ ಈ ಪತ್ರ ಅವನಿಗಲ್ಲ, ತಮಗೆ.

ತಮ್ಮ ಸಾಧನೆಯನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ. ಆಸ್ಪತ್ರೆಯ ಮಂಚದ ಮೇಲೆ ನಾಯಕನ ಅಪ್ಪ ಕೊನೆಯುಸಿರೆಳೆಯುತ್ತಿದ್ದಾರೆ, ಯಂತ್ರದಲ್ಲಿ ಗೆರೆ ನೇರವಾಗುತ್ತಿದೆ, ಆಗ ಬೀಗತಿ ಹದಿನೆಂಟು ಹೋಳಿಗೆ ತಿಂದ ಸುದ್ದಿಯನ್ನು ತಾವು ಎಷ್ಟು ಹೃದಯವಿದ್ರಾವಕವಾಗಿ ತಿಳಿಸಿದಿರೆಂದರೆ ಇಡೀ ಕರ್ನಾಟಕ ಮೂಗೊರೆಸಿಕೊಂಡಿತು. ನಮ್ಮ ಆಫೀಸಿನ ರಾಜಶ್ರೀ ಮೇಡಂ ಅವರ ಪ್ರಕಾರ ಹದಿನೆಂಟು ಹೋಳಿಗೆ ಎಂದರೆ ಹದಿನೆಂಟು ಪುರಾಣ, ಹತ್ತೊಂಬತ್ತನೆಯದು ಮೋಕ್ಷ. ಅದು ಕಡಲೆಬೇಳೆ ಹೂರಣದ್ದು ಎಂದು ನಾನು ಹೇಳಿದ್ದಕ್ಕೆ, ನನ್ನಲ್ಲಿ ಆಳವಿಲ್ಲ ಎಂದರು. ಅಂದಿನಿಂದ ಆ ಧಾರಾವಾಹಿಯಲ್ಲಿ ಆರು ಸಾವುಗಳಾಗಿವೆ, ಆರಕ್ಕೂ ಅದೇ ಹಾಡು. ಸತ್ತವನೊಬ್ಬ ಬದುಕಿ ಬಂದಾಗಲೂ ತಾವೇ ನುಡಿದಿರಿ. ಟಿವಿ ಮುಂದೆ ಕುಳಿತವರೆಲ್ಲ ಅವನನ್ನು ಬಿಟ್ಟು ಮುಂದಿನ ಹೆಣ ಯಾರದೆಂದು ನೋಡತೊಡಗಿದರು.

ಇದನ್ನೆಲ್ಲ ನಾನು ನಕ್ಕು ಮರೆಯುತ್ತಿದ್ದೆ, ನನ್ನ ಮದುವೆಯ ಮಾತು ನಡೆಯುತ್ತಿರದಿದ್ದರೆ. ಹುಡುಗಿ ಬನಶಂಕರಿಯ ಮೇಘಶ್ರೀ. ನಾವಿಬ್ಬರೂ ಒಪ್ಪಿ ಆರು ತಿಂಗಳಾಯಿತು. ಆ ಮನೆಯಲ್ಲಿ ಹೂಂ ಅನ್ನಬೇಕಾದವರು ಅವಳ ಅಜ್ಜಿ ನೀಲಗಂಗಮ್ಮನವರು. ಅವರು ನನ್ನನ್ನು ಒಪ್ಪಿದರು, ನನ್ನ ಮೀಸೆಯನ್ನೂ ಒಪ್ಪಿದರು, ಹಾಡನ್ನು ಮಾತ್ರ ಒಪ್ಪಲಿಲ್ಲ. "ಆ ಹಾಡೊಂದ್ ಬೇಡಪ್ಪ. ಅದು ಬಂತು ಅಂದ್ರೆ ಯಾರಾದ್ರೂ ಒಬ್ರು ಹೋಗ್ತಾರೆ." ಹಾಡು ಮುಗಿದ ಮೇಲೆ ಟಿವಿ ಆರಿಸಿ ತಲೆಗೆ ನೀರು ಹಾಕಿಕೊಳ್ಳುವ ಪದ್ಧತಿಯನ್ನೂ ಅವರು ಇಟ್ಟುಕೊಂಡಿದ್ದಾರೆ. ಅವರದು ಮೂರು ಹೊತ್ತು ಲಿಂಗಪೂಜೆಯ ಮನೆತನ ಸ್ವಾಮಿ! ಹನ್ನೆರಡನೆಯ ಶತಮಾನದಲ್ಲಿ ಶರಣರು ಕಷ್ಟಪಟ್ಟು ಹೊರಗಟ್ಟಿದ ಸೂತಕವನ್ನು ತಾವು ಎಂಟೇ ವಾರದಲ್ಲಿ ಬಚ್ಚಲುಮನೆಯವರೆಗೆ ಕರೆತಂದಿರಿ.

ಇತ್ತ ನಮ್ಮವ್ವನ ಹಟವೇನು ಕಡಿಮೆಯೇ? ಬೀಗರ ಹಾಡಿಲ್ಲದೆ ನಮ್ಮ ಮನೆಯಲ್ಲಿ ಇದುವರೆಗೆ ಒಂದು ಮದುವೆಯೂ ಆಗಿಲ್ಲ. "ಹಾಡಿಲ್ಲದ ಮದಿವಿ ಹೆಂಗ ಆಕ್ಕೈತಿ? ಹಂಗಾರ ನಾ ಬರಾಂಗಿಲ್ಲ, ನೀನ ತಾಳಿ ಕಟ್ಟಿ ಫೋಟೊ ಕಳಿಸು" ಎಂದು ಫೋನಿಟ್ಟಳು. ಇಬ್ಬರು ಮುದುಕಿಯರ ನಡುವೆ ನನ್ನ ಮದುವೆ ನಿಂತುಬಿಟ್ಟಿತು. ಮೇಘಶ್ರೀ ನಾಲ್ಕು ದಿನ ನನ್ನೊಂದಿಗೆ ಮಾತಾಡಲಿಲ್ಲ. ನನಗೆ ನಿಜಕ್ಕೂ ಅಳು ಬಂತು, ಅದೂ ತಮ್ಮ ಸಹಾಯವಿಲ್ಲದೆ.

ಆದಕಾರಣ ತಮ್ಮಲ್ಲಿ ನನ್ನ ಬಿನ್ನಹವೇನೆಂದರೆ, ಆರು ಮಂದಿ ಸತ್ತವರಲ್ಲಿ ಕನಿಷ್ಠ ಇಬ್ಬರನ್ನಾದರೂ ಈ ತಿಂಗಳೊಳಗೆ ಬದುಕಿಸಿ, ಅವರಿಗೆ ನಮ್ಮ ಹಾಡಿನ ತಾಳದಲ್ಲೇ ಹೋಳಿಗೆ ಊಟ ಹಾಕಿಸಬೇಕು. ಅದು ಆಗದಿದ್ದಲ್ಲಿ ಒಂದು ವಾರ ರಜೆ ಹಾಕಿ, ಐವತ್ತೇಳನೆಯ ನಂಬರಿನ ತುತ್ತೂರಿಯವರಿಗೆ ಅಧಿಕಾರ ವಹಿಸಬೇಕು. ಸುಮ್ಮನಿರಲು ಬೇಸರವಾದರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತು ನುಡಿಯಬಹುದು, ಅಲ್ಲಿನವರಿಗೆ ಅಳಲು ಕಾರಣವೂ ಇದೆ, ಬೇಕಾದಷ್ಟು ಸಮಯವೂ ಇದೆ.

ಇಷ್ಟನ್ನು ಶನಿವಾರ ರಾತ್ರಿ ಬರೆದು, ಬೆಳಗಾದೊಡನೆ ಅಂಚೆಗೆ ಹಾಕಬೇಕೆಂದಿದ್ದೆ. ಭಾನುವಾರ ಬೆಳಗಿನ ಬಸ್ಸಿಗೆ ಅವ್ವ ಬಂದಿಳಿದದ್ದರಿಂದ ಹಾಕಲಾಗಲಿಲ್ಲ. ಸಂಬಂಧ ಮುರಿಯುವುದಾದರೆ ಮುಖ ನೋಡಿ ಮುರಿಯುತ್ತೇನೆ ಎಂದು ಬಂದಿದ್ದಳು. ಬನಶಂಕರಿಯಲ್ಲಿ ಎಲೆ ಹಾಕಿದರು. ಎರಡನೆಯ ಸಲ ಅನ್ನ ಬಡಿಸಿದಾಗ ಅವ್ವ ಎಂಜಲು ಕೈಯಲ್ಲೇ ಹಾಡು ಎತ್ತಿಬಿಟ್ಟಳು, ಗಿಟಾರಿಲ್ಲ, ಹಲಗೆಯಿಲ್ಲ, ನೆಲಕ್ಕೆ ಎಡಗೈ ಬಡಿದದ್ದೇ ತಾಳ. ನೀಲಗಂಗಮ್ಮನವರ ಸೆರಗು ಅಭ್ಯಾಸಬಲದಿಂದ ಕಣ್ಣಿನ ಕಡೆ ಹೊರಟಿತು. ಹಾಡಿನ ಬೀಗತಿ ಹತ್ತೊಂಬತ್ತಕ್ಕೆ ಕೈ ಒಡ್ಡಿದ ಮೇಲೆ ಅವ್ವ ನಿಲ್ಲಿಸಿ, ಕೂಗಿದಳು: "ಯಾರವ್ವಾ ಆಕಿ? ನಮ್ಮ ನೀಲಗಂಗಮ್ಮ!"

ಸೆರಗು ಅರ್ಧದಾರಿಯಲ್ಲೇ ನಿಂತಿತು. "ನಾನ್ಯಾವಾಗ್ರೀ ಹದಿನೆಂಟ್ ತಿಂದೆ? ನಂಗೆ ಶುಗರ್ರು!" ಎಂದವರೇ ನೀಲಗಂಗಮ್ಮನವರು ನಗತೊಡಗಿದರು, ನಕ್ಕು ನಕ್ಕು ಕೆಮ್ಮಿ, ನೀರು ಕುಡಿದು, ಮತ್ತೆ ನಕ್ಕರು. ಹೆಸರು ಹಿಡಿದು ರೇಗಿಸಿದರೆ ಬೀಗತಿ ಸುಮ್ಮನಿರುವಂತಿಲ್ಲವಲ್ಲ. ನಲವತ್ತು ವರ್ಷದಿಂದ ಹಾಡದ ಆ ಮುದುಕಿ ಗಂಟಲು ಸರಿಮಾಡಿಕೊಂಡು ತಿರುಗಿ ಕೊಟ್ಟರು: "ತುಪ್ಪದ ಗಿಂಡಿ ಸೆರಗಲ್ಲಿ ಕಟ್ಕೊಂಡೋಳ್ಯಾರಮ್ಮ? ನಮ್ಮ ಹುಲಿಗೆವ್ವ!" ಮೇಘಶ್ರೀ ಬಡಿಸುವ ತಟ್ಟೆ ಬಡಿದು ತಾಳ ಹಾಕಿದಳು. ಕೈ ತೊಳೆಯುವ ಮೊದಲೇ ಮದುವೆಯ ದಿನ ಗೊತ್ತಾಯಿತು.

ಆ ಹಾಡಿನಲ್ಲಿ ಎದುರು ಕುಳಿತವಳ ಹೆಸರಿಗೆ ಜಾಗ ಬಿಟ್ಟಿರುತ್ತದೆ, ಮಾನ್ಯರೇ. ಅಲ್ಲಿ ತಾವು ಅಳುವನ್ನು ತುಂಬಿದಿರಿ, ಸರಿ. ತಮಗಿಂತ ಏಳು ವರ್ಷ ಮುಂಚೆ ಅದೇ ಜಾಗದಲ್ಲಿ ಮುತ್ತುರಾಜನ ಗಿಟಾರು ತುಂಬಿದವನು ನಾನು. ಅವ್ವ ಆಗಲೇ "ಹೆಸರೆಲ್ಲಿ ಹೋತೋ?" ಎಂದು ಕೇಳಿದ್ದಳು, ನಾನು ಆಂಪ್ಲಿಫೈಯರಿನ ಸದ್ದು ಹೆಚ್ಚಿಸಿದ್ದೆ. ನಾಚಿಕೆಯಾಗುತ್ತಿದೆ. ದೂರನ್ನು ಹಿಂಪಡೆಯುತ್ತಿಲ್ಲ, ಆದರೆ ಅಪರಾಧಿಗಳ ಪಟ್ಟಿಯಲ್ಲಿ ತಮ್ಮ ಹೆಸರಿನ ಮೇಲ್ಗಡೆ ನನ್ನ ಹೆಸರನ್ನೂ ಬರೆದುಕೊಳ್ಳಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಸಂಗಮೇಶ

ತಾ.ಕ.: ಮದುವೆಯ ದಿನ ಕರೆಂಟು ಹೋಗುವ ಸಂಭವವಿದೆಯೆಂದು ಛತ್ರದ ಮ್ಯಾನೇಜರು ವಿಷಾದದಿಂದ ತಿಳಿಸಿದ್ದಾರೆ. ನಮ್ಮ ಗಾಯಕಿಯರಿಬ್ಬರಿಗೂ ಅದರಿಂದ ಏನೂ ತೊಂದರೆಯಿಲ್ಲ. ತಮ್ಮ ಆರೋಗ್ಯದ ಬಗ್ಗೆ ಮಾತ್ರ ನಮಗೆಲ್ಲ ಚಿಂತೆಯಾಗಿದೆ.